ಪದಕ್ಕೆ ತಕ್ಕ ಪೆಟ್ಟಿಗೆ: ಕನ್ನಡ ಜಾಲತಾಣದ ಮೆನು ಕೆಡುವುದೇಕೆ?

ಹುನ್ನೂರ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ಐದು ಹೆಸರುಗಳನ್ನು ಒಂದು ಜಾಲತಾಣದ ಮೆನುವಿನಲ್ಲಿ ಅಡ್ಡಸಾಲಾಗಿ ಕೂರಿಸಬೇಕು ಎಂದಿಟ್ಟುಕೊಳ್ಳೋಣ. ದೊಡ್ಡ ಕೆಲಸವೇನಲ್ಲ. ಆದರೂ ಕನ್ನಡ ಪುಟಗಳ ವಿನ್ಯಾಸದಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಸಿಕ್ಕುಬಿಡುತ್ತವೆ. ಹುನ್ನೂರ, ಮುಧೋಳ, ಬೀಳಗಿ ತಲಾ ಮೂರಕ್ಷರ, ಜಮಖಂಡಿ ನಾಲ್ಕು, ರಬಕವಿ-ಬನಹಟ್ಟಿ ಎಂಟು, ನಡುವೆ ಒಂದು ಕಿರುಗೆರೆ ಬೇರೆ. ಹುನ್ನೂರದ ‘ನ್ನೂ’, ಬನಹಟ್ಟಿಯ ‘ಟ್ಟಿ’ ಒತ್ತಕ್ಷರ ಹೊತ್ತು ಸಾಲಿನ ಕೆಳಗಿಳಿಯುತ್ತವೆ; ಉಳಿದ ಮೂರು ಹೆಸರುಗಳಿಗೆ ಆ ಜಾಗ ಬೇಡ. ಎತ್ತರವನ್ನೂ ಅಗಲವನ್ನೂ ಬಿಗಿಮಾಡಿದ ಟೆಂಪ್ಲೇಟಿನಲ್ಲಿ ಇವನ್ನು ಹಾಕಿದರೆ ಮೂರು ಹೆಸರು ನೆಟ್ಟಗೆ ಕೂರುತ್ತವೆ. ಹುನ್ನೂರ ‘ಹುನೂರ’ ಎಂದು ಓದಿಸಿಕೊಳ್ಳುತ್ತದೆ, ಬನಹಟ್ಟಿ ರಬಕವಿಯಿಂದ ಕಳಚಿ ಎರಡನೇ ಸಾಲಿಗೆ ಬೀಳುತ್ತದೆ. ಇಂಥ ಕಡೆ ಸಾಮಾನ್ಯವಾಗಿ ಸಿಗುವ ಸಮಜಾಯಿಷಿ ಒಂದೇ: ಜಾಲಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಬೆಳೆದದ್ದು ರೋಮನ್ ಲಿಪಿಯ ನಡುವೆ, ನಮ್ಮ ಲಿಪಿ ಜಟಿಲ, ಇಷ್ಟನ್ನು ಸಹಿಸಿಕೊಳ್ಳಲೇಬೇಕು. ಇದರಲ್ಲಿ ಸತ್ಯಾಂಶ ಕಡಿಮೆ. ಸಿಎಸ್‌ಎಸ್‌ನ ಮೂಲಗುಣ ಕನ್ನಡಕ್ಕೆ ಒಗ್ಗುವಂಥದ್ದೇ; ಅದರ ಮೇಲೆ ವಿನ್ಯಾಸಕಾರರು ಹೇರಿಕೊಂಡು ಬಂದ ನಿಗದಿತ ಅಳತೆಗಳು ಒಗ್ಗುವುದಿಲ್ಲ. ಮೆನುವಿನ ಚರಿತ್ರೆಯನ್ನೂ ಅದು ಮುರಿಯುವ ಜಾಗಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಹೊಕನ್ ವಿಯಮ್ ಲೀ ಸಿಎಸ್‌ಎಸ್‌ನ ಮೊದಲ ಪ್ರಸ್ತಾವವನ್ನು ಮುಂದಿಟ್ಟದ್ದು 1994ರ ಅಕ್ಟೋಬರಿನಲ್ಲಿ. ಬರ್ಟ್ ಬಾಸ್ ಜೊತೆಗೂಡಿ ಅವರು ರೂಪಿಸಿದ ಮೊದಲ ಮಟ್ಟದ ನಿಯಮಾವಳಿಗೆ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಿನ ಸ್ಥಾನ ಸಿಕ್ಕಿದ್ದು 1996ರ ಡಿಸೆಂಬರಿನಲ್ಲಿ. ಆ ನಿಯಮಾವಳಿಯಲ್ಲೇ ಒಂದು ಮುಖ್ಯ ತೀರ್ಮಾನವಿದೆ: ಪೆಟ್ಟಿಗೆಗೆ ಎತ್ತರ ಹೇಳದಿದ್ದರೆ ಒಳಗಿನ ಬರಹ ಎಷ್ಟು ಕೇಳುತ್ತದೋ ಅಷ್ಟೆತ್ತರಕ್ಕೆ ಅದು ತಾನೇ ಬೆಳೆಯುತ್ತದೆ. ಸಾಲಿನ ಎತ್ತರಕ್ಕೂ ಇದೇ ನೀತಿ. ಅದನ್ನು ‘ನಾರ್ಮಲ್’ ಎಂದು ಬಿಟ್ಟರೆ ಬ್ರೌಸರ್ ಫಾಂಟಿನೊಳಗೆ ಬರೆದಿಟ್ಟ ಮೇಲಿನ ಕೆಳಗಿನ ಅಳತೆಗಳನ್ನು ಓದಿ ಜಾಗ ಬಿಡುತ್ತದೆ. ಒಳ್ಳೆಯ ಕನ್ನಡ ಫಾಂಟುಗಳಲ್ಲಿ ಈ ಅಳತೆ ಒತ್ತಕ್ಷರವನ್ನು ಲೆಕ್ಕಕ್ಕೆ ಹಿಡಿದೇ ಇರುತ್ತದೆ. ಹಾಗಾಗಿ ಯಾವ ಅಲಂಕಾರವೂ ಇಲ್ಲದ, ಬರಿಯ ಪಟ್ಟಿಯಾಗಿ ಬರೆದ ಕನ್ನಡ ಮೆನು ಎಲ್ಲಿಯೂ ಕತ್ತರಿಸಿಹೋಗುವುದಿಲ್ಲ. ಚೆಂದ ಕಾಣದಿರಬಹುದು, ಆದರೆ ಓದಲು ಬರುತ್ತದೆ. ಕೆಡುವುದು ಅಲಂಕಾರ ಶುರುವಾದ ಮೇಲೆ. ಹೀಗಿರುವಾಗ ಕೇಳಬೇಕಾದ ಪ್ರಶ್ನೆ ಇದು: ಅಲಂಕಾರಕ್ಕೆ ಬಿಗಿ ಅಳತೆ ಯಾಕೆ ಬೇಕಾಯಿತು, ಮತ್ತು ಇವತ್ತಿಗೂ ಅದು ಬೇಕೆ?

ತೊಂಬತ್ತರ ದಶಕದಲ್ಲಿ ಮೆನು ಎಂದರೆ ಬಹುಮಟ್ಟಿಗೆ ಚಿತ್ರ. ಗುಂಡಿಯೊಂದಕ್ಕೆ ಎರಡು ಚಿತ್ರ ಮಾಡಿಟ್ಟು, ಮೌಸ್ ಮೇಲೆ ಬಂದಾಗ ಒಂದರ ಜಾಗಕ್ಕೆ ಇನ್ನೊಂದನ್ನು ತರುವುದು ಆಗಿನ ಪರಿಪಾಠ. ಕನ್ನಡಕ್ಕೆ ಇದು ಅನಿವಾರ್ಯವೂ ಆಗಿತ್ತು. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ಸಾಮಾನ್ಯರ ಕಂಪ್ಯೂಟರಿಗೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ಹೊತ್ತು ಬಂದ ಮೇಲೆ. ಅಲ್ಲಿಯವರೆಗೆ ಓದುಗನ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು, ಚಿತ್ರವೇ ನಂಬಿಕಸ್ಥ. 2003ರ ನವೆಂಬರಿನಲ್ಲಿ ಪ್ಯಾಟ್ರಿಕ್ ಗ್ರಿಫಿತ್ಸ್ ಮತ್ತು ಡ್ಯಾನ್ ವೆಬ್ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ‘ಸಕರ್‌ಫಿಶ್’ ಎಂಬ ಇಳಿಮೆನುವಿನ ವಿಧಾನ ಪ್ರಕಟಿಸಿದರು. ಸಾದಾ ಪಟ್ಟಿಯೊಳಗೆ ಇನ್ನೊಂದು ಪಟ್ಟಿ, ಮೌಸ್ ಬಂದಾಗ ಒಳಪಟ್ಟಿಯನ್ನು ತೆರೆಯುವ ಹೋವರ್ ನಿಯಮ, ಕೊಂಡಿಗಳ ಮೇಲೆ ಮಾತ್ರ ಹೋವರ್ ಅರ್ಥಮಾಡಿಕೊಳ್ಳುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕಾಗಿ ನಾಲ್ಕಾರು ಸಾಲು ಜಾವಾಸ್ಕ್ರಿಪ್ಟ್: ಇಷ್ಟೇ. ಮೆನು ಚಿತ್ರದಿಂದ ಬರಹಕ್ಕೆ ಮರಳಿದ್ದು ದೊಡ್ಡ ಹೆಜ್ಜೆ. ಆದರೆ ಅಡ್ಡಸಾಲು ಕಟ್ಟಲು ಆಗ ಹೆಚ್ಚಾಗಿ ಬಳಸುತ್ತಿದ್ದದ್ದು ಫ್ಲೋಟನ್ನು, ಮತ್ತು ಫ್ಲೋಟ್ ಇದ್ದದ್ದು ಚಿತ್ರದ ಪಕ್ಕ ಬರಹ ಹರಿಸುವುದಕ್ಕೆ. ಅದನ್ನು ಮೆನುವಿಗೆ ಒಗ್ಗಿಸಲು ಮೂರು ಉಪಾಯಗಳು ರೂಢಿಗೆ ಬಂದವು. ಪ್ರತಿ ಅಂಶಕ್ಕೂ ಪಿಕ್ಸೆಲ್ ಲೆಕ್ಕದಲ್ಲಿ ಅಗಲ ಕೊಡುವುದು ಒಂದು. ಬರಹವನ್ನು ನಟ್ಟನಡುವೆ ತರಲು ಪೆಟ್ಟಿಗೆಯ ಎತ್ತರ, ಸಾಲಿನ ಎತ್ತರ ಎರಡನ್ನೂ ಒಂದೇ ಅಂಕಿಗೆ, ಹೆಚ್ಚಾಗಿ 40 ಪಿಕ್ಸೆಲಿಗೆ, ಕಟ್ಟುವುದು ಇನ್ನೊಂದು. ಫ್ಲೋಟ್ ಆದ ಮಕ್ಕಳನ್ನು ತಾಯಿಪೆಟ್ಟಿಗೆ ಒಳಗೆ ಹಿಡಿದಿಡಲೆಂದು ಅದಕ್ಕೆ, ಹೊರಚಾಚಿದ್ದನ್ನು ಮರೆಮಾಡುವ ‘ಓವರ್‌ಫ್ಲೋ: ಹಿಡನ್’ ಹಾಕುವುದು ಮೂರನೆಯದು. ಮೂರೂ ಆ ಕಾಲದ ಬ್ರೌಸರುಗಳ ಬಡತನಕ್ಕೆ ಹುಟ್ಟಿದ ಜಾಣತನಗಳು. ಬಡತನ ಹೋದ ಮೇಲೂ ಟೆಂಪ್ಲೇಟಿನಿಂದ ಟೆಂಪ್ಲೇಟಿಗೆ ಅವು ನಕಲಾಗುತ್ತ ಉಳಿದವು.

ಕನ್ನಡ ಮೊದಲು ಸಿಕ್ಕಿಬೀಳುವುದು ಎತ್ತರದಲ್ಲಿ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಸಾಲಿನ ಎತ್ತರ ಕಡಿಮೆ ಮಾಡಿದ ಮಾತ್ರಕ್ಕೆ ಒತ್ತಕ್ಷರ ಕತ್ತರಿಸಿಹೋಗುವುದಿಲ್ಲ, ಅದು ತನ್ನ ಸಾಲಿನಿಂದ ಹೊರಗೆ ಇಣುಕುತ್ತದೆ ಅಷ್ಟೆ. ಕತ್ತರಿ ಬೀಳುವುದು ಆ ಪೆಟ್ಟಿಗೆಗೆ ‘ಓವರ್‌ಫ್ಲೋ: ಹಿಡನ್’ ಇದ್ದಾಗ, ಅಥವಾ ಕೆಳಗಿನ ಬ್ಯಾನರನ್ನು ಪೊಸಿಷನ್ ಕೊಟ್ಟು ಮೇಲೆತ್ತಿದಾಗ. ಬಿಗಿ ಎತ್ತರಕ್ಕೆ ಇವುಗಳಲ್ಲೊಂದು ಕೂಡಿದಾಗಲೇ ಅನಾಹುತ. ರೋಮನ್‌ನಲ್ಲಿ ಸಾಲಿನ ಕೆಳಗಿಳಿಯುವ ಜಿ, ವೈ ಮೊದಲಾದ ಸಣ್ಣಕ್ಷರಗಳು ಬೆರಳೆಣಿಕೆಯವು, ಇಳಿಯುವುದೂ ಅಲ್ಪ. ಮೆನುವನ್ನು ದೊಡ್ಡಕ್ಷರದಲ್ಲಿ ಹಾಕಿದರೆ ಅದೂ ಇಲ್ಲ. ಕನ್ನಡದಲ್ಲಿ ಒತ್ತಕ್ಷರವಿಲ್ಲದ ವಾಕ್ಯ ಹುಡುಕುವುದೇ ಕಷ್ಟ, ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತುಗಳು ಬಂದು ಕೂರುತ್ತವೆ. ಹೀಗಾಗಿ ಒಂದೇ ನಿಯಮ ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಪತ್ತೆಯಾಗದೆ ಉಳಿದು ಕನ್ನಡದ ಮೊದಲ ಪುಟದಲ್ಲೇ ಬಯಲಾಗುತ್ತದೆ. ಜನಪ್ರಿಯ ಚೌಕಟ್ಟುಗಳೂ ಇದಕ್ಕೆ ಹೊರತಲ್ಲ. 2011ರಲ್ಲಿ ಬಂದ ಬೂಟ್‌ಸ್ಟ್ರ್ಯಾಪ್‌ನ ಈಚಿನ ಆವೃತ್ತಿಗಳಲ್ಲಿ ಸಾದಾ ಬರಹಕ್ಕೆ ಸಾಲಿನ ಎತ್ತರ 1.5 ಇದ್ದರೂ ಶೀರ್ಷಿಕೆಗಳಿಗೆ 1.2 ಮಾತ್ರ. ಟೈಲ್‌ವಿಂಡ್‌ನಲ್ಲಿ ದೊಡ್ಡ ಗಾತ್ರಗಳಿಗೆ ಬರುವುದು ಬರಿಯ 1. ಅದರ ಜೊತೆಗೆ ಬಾಲ ಕತ್ತರಿಸುವ ‘ಟ್ರಂಕೇಟ್’ ಸೇರಿಸಿದರೆ ಹಿಡನ್ ಕೂಡ ಬಂದುಬಿಡುತ್ತದೆ. ಇವೆಲ್ಲ ಪೂರ್ವನಿಯೋಜಿತ ಅಂಕಿಗಳು, ಬದಲಾಯಿಸಬಹುದಾದವು. ಆದರೆ ಬದಲಾಯಿಸಬೇಕು ಎಂದು ಹೊಳೆಯಬೇಕಾದರೆ ಎದುರಿಗೆ ಕನ್ನಡ ಬರಹ ಇರಬೇಕು.

ಅಗಲದ ತೊಡಕು ಇದಕ್ಕಿಂತ ಹೆಚ್ಚು ಕುತೂಹಲದ್ದು. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಐದು ಸಮಪಾಲು ಮಾಡಿದರೆ ಪಾಲಿಗೆ 72 ಪಿಕ್ಸೆಲ್. ಅಕ್ಷರವೊಂದಕ್ಕೆ ಅದರ ಗಾತ್ರದಷ್ಟೇ, ಅಂದರೆ 16 ಪಿಕ್ಸೆಲ್ ಅಗಲ ಎಂದು ಸ್ಥೂಲವಾಗಿ ಹಿಡಿದರೂ ರಬಕವಿ-ಬನಹಟ್ಟಿಗೆ 128 ಬೇಕು, ಬೀಳಗಿಗೆ 48 ಸಾಕು. ಸಮಪಾಲು ಇಲ್ಲಿ ನ್ಯಾಯವಲ್ಲ. ಬ್ರೌಸರ್ ಕಿರುಗೆರೆಯನ್ನು ಸಾಲು ಮುರಿಯುವ ಜಾಗವೆಂದೇ ಓದುವುದರಿಂದ ಜೋಡಿ ಹೆಸರು ಎರಡಾಗುತ್ತದೆ. ಪೆಟ್ಟಿಗೆಯ ಎತ್ತರ 40 ಪಿಕ್ಸೆಲಿಗೆ ಕಟ್ಟಿದ್ದರೆ ಎರಡನೇ ಸಾಲು ಕೆಳಗಿನ ಚಿತ್ರದ ಮೇಲೆ ಹೋಗಿ ಕೂರುತ್ತದೆ. ಇದನ್ನು ತಪ್ಪಿಸಲು ಮೂರು ಚುಕ್ಕಿ ಹಾಕಿ ಬಾಲ ಕತ್ತರಿಸುವ ಪದ್ಧತಿಯಿದೆ. ಕನ್ನಡ ವಾಕ್ಯರಚನೆಗೆ ಇದು ವಿಶೇಷವಾಗಿ ದುಬಾರಿ. ಅರ್ಜಿ ಸಲ್ಲಿಸಿ, ಅರ್ಜಿಯ ಸ್ಥಿತಿ ನೋಡಿ, ಅರ್ಜಿ ಹಿಂಪಡೆಯಿರಿ ಎಂಬ ಮೂರು ಕೊಂಡಿಗಳನ್ನು ನೋಡಿ. ಇಂಗ್ಲಿಷಿನ ಆಜ್ಞಾವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಬಾಲ ಹೋದರೂ ಏನು ಮಾಡಬೇಕೆಂಬುದು ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಕತ್ತರಿ ಬಿದ್ದೊಡನೆ ಮೂರೂ ಕೊಂಡಿಗಳು ‘ಅರ್ಜಿ…’ ಎಂಬ ಒಂದೇ ಮುಖ ಹೊತ್ತು ನಿಲ್ಲುತ್ತವೆ. ಸಲ್ಲಿಸುವುದಕ್ಕೆ ಬಂದವರು ಹಿಂಪಡೆಯುವ ಕೊಂಡಿ ಒತ್ತಿದರೆ ತಪ್ಪು ಅವರದಲ್ಲ. ಕನ್ನಡ ಮೆನುವಿನಲ್ಲಿ ಸಾಲು ಮಡಚುವುದು ದೋಷವಲ್ಲ, ಬಾಲ ಕತ್ತರಿಸುವುದು ದೋಷ.

ಇನ್ನು ಕಣ್ಣಿಗೆ ಕೊಡುವ ಸಂಜ್ಞೆಗಳ ಮಾತು. ಮುಖ್ಯ ಮೆನು ಯಾವುದು, ಉಪಮೆನು ಯಾವುದು ಎಂದು ತೋರಿಸಲು ಇಂಗ್ಲಿಷ್ ವಿನ್ಯಾಸಗಳು ಬಹಳವಾಗಿ ಆತುಕೊಂಡಿರುವುದು ದೊಡ್ಡಕ್ಷರ, ಅಕ್ಷರಗಳ ನಡುವೆ ಬಿಡಿಸಿದ ಜಾಗ, ಓರೆ ಅಕ್ಷರ ಈ ಮೂರಕ್ಕೆ. ದೊಡ್ಡಕ್ಷರ ಮಾಡುವ ನಿಯಮ ಕನ್ನಡದ ಮೇಲೆ ಏನೂ ಮಾಡುವುದಿಲ್ಲ, ಏಕೆಂದರೆ ನಮ್ಮಲ್ಲಿ ಆ ಭೇದವೇ ಇಲ್ಲ. ಸಂಜ್ಞೆ ಸದ್ದಿಲ್ಲದೆ ಮಾಯವಾಗುತ್ತದೆ. ಅಕ್ಷರಗಳ ನಡುವೆ ಜಾಗ ಬಿಡಿಸುವುದು ಇನ್ನೂ ಅಪಾಯದ್ದು, ಯಾಕೆಂದರೆ ‘ಒಂದು ಅಕ್ಷರ’ ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಂತ್ರ ಬಲ್ಲದೇ ಎಂಬುದೇ ಪ್ರಶ್ನೆ. ಯುನಿಕೋಡ್‌ನ ಹಳೆಯ ವಿಭಜನೆಯ ಪ್ರಕಾರ ‘ನ್ನೂ’ ಒಂದೇ ಘಟಕವಲ್ಲ. ಹಲಂತ ನಕಾರ ಒಂದು, ದೀರ್ಘ ಹೊತ್ತ ನಕಾರ ಇನ್ನೊಂದು. 2023ರ 15.1ನೇ ಆವೃತ್ತಿ ಸಂಯುಕ್ತಾಕ್ಷರವನ್ನು ಒಂದೇ ಘಟಕವಾಗಿ ಹಿಡಿಯುವ ನಿಯಮ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ ಅದರೊಳಗೆ ಬಂದವು, ಪಕ್ಕದ ತೆಲುಗೂ ಬಂತು. ಆ ಆವೃತ್ತಿಯ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಲಿಪಿಯ ವಿಚಾರದಲ್ಲಿ ಜಾಗತಿಕ ನಿಯಮಗಳು ನಮ್ಮನ್ನು ಹಿಂದೆ ಬಿಟ್ಟಿವೆ ಎಂಬ ದೂರಿಗೆ ಇಲ್ಲಿ ನಿಜವಾದ ಆಧಾರವಿದೆ. ಆದರೆ ಅದಕ್ಕೆ ಕಾಯುತ್ತ ಕೂರುವ ಅಗತ್ಯವಿಲ್ಲ. ಕನ್ನಡಕ್ಕೆ ಆ ಜಾಗ ಬಿಡಿಸದಿದ್ದರೆ ಸಾಕು. ಓರೆ ಅಕ್ಷರಕ್ಕೂ, ಇಲ್ಲದ ದಪ್ಪವನ್ನು ಬ್ರೌಸರ್ ತಾನೇ ಬಳಿಯುವ ನಕಲಿ ದಪ್ಪಕ್ಷರಕ್ಕೂ ಇದೇ ಮಾತು. ಎರಡನ್ನೂ ‘ಫಾಂಟ್-ಸಿಂಥೆಸಿಸ್’ ಎಂಬ ಒಂದೇ ಗುಣದಿಂದ ನಿಲ್ಲಿಸಬಹುದು. ಮೌಸ್ ಬಂದಾಗ ಪದದ ಕೆಳಗೆ ಹರಿದು ಬರುವ ಗೆರೆ ಒತ್ತಕ್ಷರದ ನಡುವೆ ಹಾಯ್ದರೆ ಗೆರೆಯನ್ನು ಪೆಟ್ಟಿಗೆಯ ತಳಕ್ಕೆ ಇಳಿಸಬೇಕು, ತಳದಲ್ಲಿ ಪ್ಯಾಡಿಂಗ್ (ಒಳಂಚಿನ ಜಾಗ) ಇರಬೇಕು. ದರ್ಜೆ ತೋರಿಸಲು ನಿಜವಾದ ದಪ್ಪ, ಗಾತ್ರ, ಬಣ್ಣ, ಅಂಚು ಇಷ್ಟು ಉಳಿಯುತ್ತವೆ. ಕೆಲಸಕ್ಕೆ ಇವು ಧಾರಾಳ.

ಮೌಸ್ ಎಂದೊಡನೆ ಹೋವರ್ ಮೆನುವಿನ ಪ್ರಶ್ನೆ ಬರುತ್ತದೆ. ಸಕರ್‌ಫಿಶ್ ಕಾಲದ ಇಳಿಮೆನು ಮೌಸ್ ಇದ್ದೇ ಇರುತ್ತದೆ ಎಂದು ನಂಬಿತ್ತು. ಉತಾರ (ಪಹಣಿ) ನೋಡಲು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ಸರ್ಕಾರದ ಸೇವಾ ಸಿಂಧು ತಾಣದಲ್ಲಿ ಅರ್ಜಿ ಎಲ್ಲಿಗೆ ಬಂತೆಂದು ತಿಳಿಯಲು ಹಳ್ಳಿಯ ಜನ ಇವತ್ತು ಹಿಡಿಯುವುದು ಫೋನನ್ನು. ಆಂಡ್ರಾಯ್ಡ್‌ನ 4.1ನೇ ಆವೃತ್ತಿ 2012ರಲ್ಲಿ ಕನ್ನಡವನ್ನು ಸೇರಿಸಿಕೊಂಡ ಮೇಲೆ ಆ ಫೋನು ಕನ್ನಡ ಓದಬಲ್ಲದು, ಆದರೆ ಅದರಲ್ಲಿ ಹೋವರ್ ಇಲ್ಲ. ಬೆರಳು ಮುಟ್ಟಿದೊಡನೆ ಒಳಪಟ್ಟಿ ತೆರೆಯುವುದೋ ಮೇಲಿನ ಕೊಂಡಿಗೇ ಹಾರಿಬಿಡುವುದೋ ಎಂಬುದು ಆಯಾ ಪುಟದ ಅದೃಷ್ಟ. ಇದಕ್ಕೂ ಸಿಎಸ್‌ಎಸ್‌ನಲ್ಲೇ ಉತ್ತರವಿದೆ: ಸಾಧನಕ್ಕೆ ಹೋವರ್ ಬರುತ್ತದೆಯೇ ಎಂದು ಕೇಳುವ ಮೀಡಿಯಾ ಕ್ವೆರಿ, ಕೀಲಿಮಣೆಯಿಂದ ಬಂದವರಿಗೆ ‘ಫೋಕಸ್-ವಿದಿನ್’, ಒಂದು ಸಾಲೂ ಜಾವಾಸ್ಕ್ರಿಪ್ಟ್ ಇಲ್ಲದೆ ತೆರೆದು ಮುಚ್ಚುವ ‘ಡೀಟೇಲ್ಸ್’ ಟ್ಯಾಗು. 2023ರ ಡಬ್ಲ್ಯೂಸಿಎಜಿ 2.2 ಎಂಬ ಸುಗಮ್ಯತೆಯ ಮಾನದಂಡ ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ-ಎತ್ತರ ಇರಬೇಕು ಎನ್ನುತ್ತದೆ. ಅದಕ್ಕೂ ಮೇಲ್ಮಟ್ಟದ ಅಪೇಕ್ಷೆ 44.

ಈ ಎಲ್ಲ ತೊಡಕುಗಳಿಗೆ ಮದ್ದು ಹೊಸದಾಗಿ ಹುಡುಕಬೇಕಾಗಿಲ್ಲ ಎಂಬುದೇ ಇಲ್ಲಿಯವರೆಗಿನ ನೋಟದ ಮುಖ್ಯ ಫಲ. ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್’ ವಿನ್ಯಾಸದ ಮಾತೆತ್ತಿದಂದಿನಿಂದ ಸಿಎಸ್‌ಎಸ್ ಒಂದೇ ದಿಕ್ಕಿಗೆ ನಡೆದಿದೆ: ನಿಗದಿತ ಅಳತೆಯಿಂದ ಒಳಗಿನ ಬರಹದ ಅಳತೆಯ ಕಡೆಗೆ. ಫ್ಲೆಕ್ಸ್‌ಬಾಕ್ಸ್‌ನಲ್ಲಿ ಪ್ರತಿ ಅಂಶ ತನ್ನ ಪದಕ್ಕೆ ಬೇಕಾದಷ್ಟೇ ಜಾಗ ಹಿಡಿಯುತ್ತದೆ, ‘ರ‍್ಯಾಪ್’ ಕೊಟ್ಟರೆ ಹಿಡಿಸದ್ದು ಮುಂದಿನ ಸಾಲಿಗೆ ಇಡಿಯಾಗಿ ಹೋಗುತ್ತದೆ. ನಟ್ಟನಡುವೆ ತರುವುದಕ್ಕೆ ಅಲ್ಲೊಂದು ನೇರ ಗುಣವಿರುವಾಗ 40 ಪಿಕ್ಸೆಲಿನ ಉಪಾಯ ಬೇಡ. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಬಂದ ಗ್ರಿಡ್‌ನಲ್ಲಿ ಕಂಬಸಾಲಿಗೆ ಕನಿಷ್ಠ ಅಗಲ ಹೇಳಿ ಎಷ್ಟು ಕಂಬಸಾಲು ಹಿಡಿಸುತ್ತದೋ ಅಷ್ಟನ್ನು ಬ್ರೌಸರಿಗೇ ಬಿಡಬಹುದು. ಎತ್ತರದ ಜಾಗದಲ್ಲಿ ಕನಿಷ್ಠ ಎತ್ತರ ಬರೆದರೆ ಚೆಂದವೂ ಉಳಿಯಿತು, ಬೆಳೆಯಲು ದಾರಿಯೂ ಉಳಿಯಿತು. ಮೆನುವನ್ನು ಪರದೆಯ ನೆತ್ತಿಗೆ ಅಂಟಿಸಲು ‘ಫಿಕ್ಸೆಡ್’ ಬಳಸಿ ಪುಟವನ್ನು 60 ಪಿಕ್ಸೆಲ್ ಕೆಳಗೆ ತಳ್ಳುವ ರೂಢಿಯಿದೆ. ಕನ್ನಡ ಮೆನು ಎರಡು ಸಾಲಾದ ದಿನ ಅದು ಪುಟದ ಮೊದಲ ಸಾಲನ್ನೇ ನುಂಗುತ್ತದೆ. ‘ಸ್ಟಿಕಿ’ ಪುಟದ ಹರಿವಿನಲ್ಲೇ ಇರುವುದರಿಂದ ಆ ಲೆಕ್ಕ ಬರೆಯಬೇಕಾಗಿಲ್ಲ. ಇವೆಲ್ಲದರ ಜೊತೆಗೆ ಪುಟದ ಭಾಷೆ ಕನ್ನಡವೆಂದು ನಮೂದಿಸಿ, ‘ಲ್ಯಾಂಗ್’ ಸೆಲೆಕ್ಟರಿನ ಮೂಲಕ ಕನ್ನಡಕ್ಕೆ ಸಾಲಿನ ಎತ್ತರ 1.6 ಆಸುಪಾಸು, ಅಕ್ಷರಗಳ ನಡುವಿನ ಜಾಗ ಸೊನ್ನೆ ಎಂದು ಒಂದೇ ಕಡೆ ಬರೆದರೆ ಇಂಗ್ಲಿಷ್ ಪುಟವನ್ನು ಮುಟ್ಟದೆಯೇ ಕನ್ನಡ ಪುಟ ಸರಿಹೋಗುತ್ತದೆ.

ಆಕ್ಷೇಪಗಳಿಲ್ಲದೆ ಇಲ್ಲ. ಸಾಲಿನ ಎತ್ತರ ಹೆಚ್ಚಿಸಿದರೆ ಸಣ್ಣ ಪರದೆಯಲ್ಲಿ ಜಾಗ ದಂಡವಾಗುತ್ತದೆ ಎಂಬುದು ಮೊದಲನೆಯದು. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. 16 ಪಿಕ್ಸೆಲ್ ಅಕ್ಷರಕ್ಕೆ 1.2ರಂತೆ ಸಾಲಿನ ಎತ್ತರ 19.2, 44 ಪಿಕ್ಸೆಲಿನ ಒತ್ತುಜಾಗ ಮಾಡಲು ಪ್ಯಾಡಿಂಗ್ 24.8 ಬೇಕು. 1.6ರಂತೆ 25.6 ಆದರೆ ಪ್ಯಾಡಿಂಗ್ 18.4 ಸಾಕು. ಒಟ್ಟು ಅದೇ 44. ಬೆರಳಿಗೆಂದು ಹೇಗೂ ಬಿಡಲೇಬೇಕಾದ ಜಾಗದಲ್ಲಿ ಒಂದಿಷ್ಟನ್ನು ಅಕ್ಷರಕ್ಕೆ ವರ್ಗಾಯಿಸಿದಂತಾಯಿತು. ಇದು ಕನ್ನಡಕ್ಕೆ ಮಾತ್ರ ಕೇಳುವ ರಿಯಾಯಿತಿಯೂ ಅಲ್ಲ: ಓದುಗರು ಸಾಲಿನ ಎತ್ತರವನ್ನು 1.5ಕ್ಕೆ ಏರಿಸಿಕೊಂಡರೂ ಬರಹ ಕಳೆದುಹೋಗಬಾರದು ಎಂದು 2018ರ ಡಬ್ಲ್ಯೂಸಿಎಜಿ 2.1 ಎಲ್ಲ ಪುಟಗಳಿಗೂ ವಿಧಿಸಿದೆ. ಹಾಗೆಯೇ, ಯಾವ ಲಿಪಿಯಲ್ಲಿ ಅಕ್ಷರಗಳ ನಡುವೆ ಜಾಗ ಬಿಡಿಸುವ ರೂಢಿಯಿಲ್ಲವೋ ಅದಕ್ಕೆ ಆ ಭಾಗದಿಂದ ವಿನಾಯಿತಿಯನ್ನೂ ಕೊಟ್ಟಿದೆ. ಬರಹ ಕತ್ತರಿಸುವಷ್ಟು ಬಿಗಿಯಾಗಿ ಎತ್ತರ ಕಟ್ಟಿದ ಪೆಟ್ಟಿಗೆ ಇಂಗ್ಲಿಷಿನಲ್ಲೂ ನಪಾಸು.

ಎಲ್ಲವನ್ನೂ ಮೂರು ಗೆರೆಯ ಹ್ಯಾಂಬರ್ಗರ್ ಗುಂಡಿಯ ಹಿಂದೆ ಸೇರಿಸಿಬಿಟ್ಟರೆ ಆಯಿತಲ್ಲ ಎಂಬುದು ಎರಡನೆಯ ಆಕ್ಷೇಪ. ಇಪ್ಪತ್ತು ಮೂವತ್ತು ಕೊಂಡಿಗಳಿದ್ದಾಗ ಅದು ಸರಿ. ನಾಲ್ಕೈದು ಕೊಂಡಿಗಳಿದ್ದಾಗ ಅದು ತೊಡಕನ್ನು ಬಿಡಿಸುವುದಿಲ್ಲ, ಮುಚ್ಚಿಡುತ್ತದೆ. ಗುಂಡಿ ಒತ್ತಿದ ಮೇಲೆ ತೆರೆಯುವ ಪಟ್ಟಿಯಲ್ಲೂ ಅದೇ ಒತ್ತಕ್ಷರ, ಅದೇ ಕತ್ತರಿ. ಮೇಲಾಗಿ ಆ ಪಟ್ಟಿಯನ್ನು ಜಾರಿಸಿ ತೆರೆಯುವ ಪರಿಣಾಮಕ್ಕೆಂದೇ ಎತ್ತರವನ್ನು ಅಂಕಿಯಲ್ಲಿ ಹೇಳಿ ಹಿಡನ್ ಹಾಕುವ ಚಾಳಿ ಹೆಚ್ಚು. ಈಗ ಆಪ್‌ಗಳ ಕಾಲ, ಜಾಲತಾಣದ ಮೆನು ಯಾರಿಗೆ ಬೇಕು ಎಂಬುದು ಇದರದೇ ಇನ್ನೊಂದು ರೂಪ. ಆದರೆ ಹಳ್ಳಿಗರಿಗೆ ಸರ್ಕಾರಿ ಸೇವೆ ಒದಗಿಸುವ ಗ್ರಾಮ ಒನ್ ಕೇಂದ್ರದ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ತೆರೆದಿರುವುದು ಬ್ರೌಸರೇ. ಆಪ್‌ಗಳಲ್ಲಿಯೂ ಇರುವುದು ಇಂಥವೇ ಪೆಟ್ಟಿಗೆಗಳು.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ದೋಷ ಸಿಎಸ್‌ಎಸ್ ಬರೆದವರದಲ್ಲ, ಫಾಂಟಿನದು. ಒಂದು ಫಾಂಟಿನಿಂದ ಇನ್ನೊಂದಕ್ಕೆ ಕನ್ನಡದ ಅಳತೆಗಳು ಬಹಳ ಬದಲಾಗುತ್ತವೆ, ನಿಜ. ವಿಂಡೋಸಿನ ತುಂಗಾ ಮತ್ತು ಅದರ ನಂತರದ ನಿರ್ಮಲಾ ಯುಐ, ಆಂಡ್ರಾಯ್ಡ್‌ನ ನೋಟೋ ಸಾನ್ಸ್ ಕನ್ನಡ ಒಂದೇ ಗಾತ್ರ ಹೇಳಿದರೂ ಒಂದೇ ಜಾಗ ಹಿಡಿಯುವುದಿಲ್ಲ. ಫಾಂಟ್ ಪಟ್ಟಿಯಲ್ಲಿ ರೋಮನ್ ಹೆಸರು ಮಾತ್ರ ಬರೆದು ಕನ್ನಡವನ್ನು ಯಂತ್ರದ ಆಯ್ಕೆಗೆ ಬಿಟ್ಟರೆ ಮೆನುವಿನ ಎತ್ತರ ಪ್ರತಿ ಫೋನಿನಲ್ಲೂ ಬೇರೆ. ಆದರೆ ಈ ವಾದ ಸಾಗುವುದು ಯಾವ ಕಡೆಗೆ? ಫಾಂಟ್ ಯಾವುದು ಬರುತ್ತದೋ ಗೊತ್ತಿಲ್ಲ ಎಂದಾದರೆ ಪೆಟ್ಟಿಗೆಯನ್ನು ಬಿಗಿಮಾಡದಿರಲು ಅದೇ ಮೊದಲ ಕಾರಣ. ಅದರ ಮೇಲೆ ಆಯ್ಕೆಗಳೂ ಈಗ ಸಾಕಷ್ಟಿವೆ. ಏಕ್ ಟೈಪ್ ರೂಪಿಸಿದ ಅನೇಕ್ ಕನ್ನಡ ಫಾಂಟಿನಲ್ಲಿ ದಪ್ಪದಂತೆ ಅಗಲವನ್ನೂ ಬೇಕಾದಷ್ಟು ಹೊಂದಿಸಬಹುದು. ಉದ್ದನೆಯ ಹೆಸರನ್ನು ಗಾತ್ರ ಇಳಿಸದೆ ಕಿರಿದಾಗಿ ಕೂರಿಸುವ ಸವಲತ್ತು ಕನ್ನಡಕ್ಕೂ ಬಂದಿದೆ. ವೆಬ್‌ಫಾಂಟ್ ಇಳಿಯುವ ಮೊದಲು ಕಾಣುವ ಫಾಂಟಿನ ಅಳತೆಯನ್ನು ಅದಕ್ಕೆ ಸರಿಹೊಂದಿಸುವ ಗುಣಗಳೂ ಸಿಎಸ್‌ಎಸ್‌ನಲ್ಲಿವೆ. ಸಿಎಸ್‌ಎಸ್ ಮುಟ್ಟಲಾರದ ಒಂದು ಸಂಗತಿಯನ್ನು ಮಾತ್ರ ಒಪ್ಪಿಕೊಳ್ಳಬೇಕು. ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಎಂಬುದನ್ನು ಮೆನುವಿನಲ್ಲಿ ಪೂರ್ತಿ ಬರೆಯಬೇಕೇ, ಬರಿಯ ‘ಸಹಕಾರ ಸಂಘ’ ಎಂದರೆ ನಡೆಯುತ್ತದೆಯೇ ಎಂಬುದು ಬರೆಯುವವರು ತೀರ್ಮಾನಿಸಬೇಕಾದ ಮಾತು, ವಿನ್ಯಾಸಕಾರರಲ್ಲ.

ಹೀಗೆ ನೋಡಿದಾಗ ಕೊರತೆ ತಂತ್ರದಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಇಂಗ್ಲಿಷ್ ಪುಟ ಮೊದಲು ಸಿದ್ಧವಾಗಿ, ಒಪ್ಪಿಗೆಯಾಗಿ, ಕನ್ನಡ ಕೊನೆಯ ವಾರದಲ್ಲಿ ಅನುವಾದವಾಗಿ ಅದೇ ಪೆಟ್ಟಿಗೆಗಳಿಗೆ ತುಂಬಲ್ಪಡುವವರೆಗೂ ಈ ದೋಷಗಳು ಮರುಕಳಿಸುತ್ತಲೇ ಇರುತ್ತವೆ. ಸರ್ಕಾರಿ ಜಾಲತಾಣಗಳಿಗೆ 2009ರಿಂದಲೂ ಕೇಂದ್ರದ ಮಾರ್ಗಸೂಚಿಯಿದೆ, ಅದರ ಮೂರನೇ ಆವೃತ್ತಿ 2023ರಲ್ಲಿ ಬಂದಿದೆ. ಎನ್‌ಐಸಿ ಎಂಬ ಕೇಂದ್ರ ಸಂಸ್ಥೆ ಒದಗಿಸುವ ಒಂದೇ ಚೌಕಟ್ಟಿನ ಮೇಲೆ ಹಲವು ಜಿಲ್ಲೆಗಳ ದ್ವಿಭಾಷಾ ತಾಣಗಳು ನಿಂತಿವೆ. ಅಂಥ ಒಂದು ಕಡೆ ತಿದ್ದಿದರೆ ನೂರು ಕಡೆ ತಿದ್ದಿದಂತೆ. ಪಂಚಾಯ್ತಿಯಿರಲಿ, ಸಹಕಾರ ಸಂಘವಿರಲಿ, ಶಾಲೆಯಿರಲಿ, ತಾಣ ಮಾಡಿಸುವವರು ಗುತ್ತಿಗೆಯಲ್ಲಿ ಎರಡು ಷರತ್ತು ಬರೆದರೆ ಬಹಳಷ್ಟು ಬಗೆಹರಿಯುತ್ತದೆ: ಮಾದರಿ ಪುಟವನ್ನು ಕನ್ನಡದಲ್ಲಿ, ನಿಜವಾದ ಹೆಸರುಗಳೊಡನೆ ತೋರಿಸಬೇಕು, ಅಕ್ಷರದ ಗಾತ್ರವನ್ನು ಇಮ್ಮಡಿ ಮಾಡಿದರೂ ಮೆನುವಿನಲ್ಲಿ ಒಂದು ಒತ್ತಕ್ಷರವೂ ಕತ್ತರಿಸಿಹೋಗಬಾರದು. ಎರಡನ್ನೂ ಪರೀಕ್ಷಿಸಲು ಫೋನೊಂದು ಸಾಕು, ತಜ್ಞರು ಬೇಕಾಗಿಲ್ಲ. ಕನ್ನಡದಲ್ಲಿ ನಿಂತ ಮೆನುವಿಗೆ ಇಂಗ್ಲಿಷನ್ನು ಹಾಕಿದರೆ ಅದು ಕೆಡುವ ಸಂಭವ ತೀರಾ ಕಡಿಮೆ, ಏಕೆಂದರೆ ಹೆಚ್ಚು ಜಾಗ ಕೇಳುವ ಲಿಪಿಗೆ ಅದು ಆಗಲೇ ಒಗ್ಗಿರುತ್ತದೆ. ಇದರ ತಿರುಗುಮುರುಗು ಮಾತ್ರ ನಡೆಯುವುದಿಲ್ಲ. ಎರಡು ಭಾಷೆಯ ತಾಣಕ್ಕೆ ಕನ್ನಡವನ್ನು ಮೊದಲು ಕಟ್ಟುವುದೇ ಅಗ್ಗದ ದಾರಿ.